ಕೊಪ್ಪದ ಪೂಲ್ ಚಾಂಪಿಯನ್ನೂ ಮಾರ್ಕರ್ ಅಜ್ಜನೂ

ನನ್ನ ಬದುಕಿನಲ್ಲಿ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಎಚ್ಚರಿಕೆಯಿಂದ ಇದ್ದ ವಾರ ಎರಡೆರಡು ಆಗುತ್ತವೆ.

ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗಿದ್ದು ಕೇಳಿಸುವಷ್ಟು ದೂರದಲ್ಲಿ, ಒಂದು ಪಾತ್ರೆ ಅಂಗಡಿಯ ಮಹಡಿ ಮೇಲೆ ನನ್ನದೊಂದು ಪೂಲ್ ಆಡುವ ಕೋಣೆ ಇದೆ. ಹಸಿರು ಬಟ್ಟೆ ಹೊದೆಸಿದ ಒಂದು ಮೇಜು, ಅದಕ್ಕೆ ಆರು ತೂತು, ಹದಿನಾರು ಚೆಂಡು, ನಾಲ್ಕು ಕೋಲು. ಮಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಸಂಜೆ ಹೊತ್ತು ಈ ಆಟ ಕಲಿತೆ. ಅಲ್ಲಿ ನಾಲ್ಕು ಜನರನ್ನು ಸೋಲಿಸಿದೆ. ಆ ನಾಲ್ವರೂ ಅದೇ ವಾರ ಕಲಿಯಲು ಸೇರಿದವರು ಎಂಬುದನ್ನು ಮರೆತು, ನಾನೊಬ್ಬ ದೊಡ್ಡ ಆಟಗಾರ ಎಂದು ತೀರ್ಮಾನಿಸಿ, ಕೆಲಸ ಬಿಟ್ಟು, ಹಳೆಯ ಮೇಜೊಂದನ್ನು ಕೊಂಡು ಊರಿಗೆ ಬಂದೆ. ವಿಸಿಟಿಂಗ್ ಕಾರ್ಡನ್ನೂ ಮಾಡಿಸಿದೆ. ಹೆಸರಿನ ಕೆಳಗೆ 'ಪ್ರೊಫೆಷನಲ್ ಪೂಲ್ ಪ್ಲೇಯರ್' ಅಂತ ಬಂಗಾರದ ಅಕ್ಷರ.

ಹೆಂಡತಿ ಅದನ್ನು ಓದಿ, "ಇದು ದುಡ್ಡು ಬರೋ ಕೆಲಸವಾ, ಹೋಗೋ ಕೆಲಸವಾ?" ಎಂದು ಕೇಳಿದಳು.

ಆಗ ನನಗೆ ಅದು ತಮಾಷೆಯ ಪ್ರಶ್ನೆ ಅನ್ನಿಸಿತ್ತು.

ಆಳ ಎಷ್ಟು?

ಕೋಣೆ ತೆರೆಯಲು ಲೈಸೆನ್ಸ್ ಬೇಕು ಎಂದರು. ಅರ್ಜಿ ಹಿಡಿದು ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತರು ವಯಸ್ಸಾದವರು, ಯಾವುದಕ್ಕೂ ಅವಸರ ಮಾಡದವರು. ಅರ್ಜಿಯ ಮೇಲಿದ್ದ 'ಪೂಲ್' ಎಂಬ ಪದವನ್ನು ಎರಡು ಸಲ ಓದಿ, ಬೀರುವಿನಿಂದ ಬೇರೆ ಯಾವುದೋ ಫಾರ್ಮ್ ತೆಗೆದು ಪ್ರಶ್ನೆ ಕೇಳಲು ಶುರು ಮಾಡಿದರು.

"ಆಳ ಎಷ್ಟು?"

ಚೆಂಡು ಬೀಳುವ ತೂತಿನ ಆಳ ಕೇಳುತ್ತಿದ್ದಾರೆ ಅಂದುಕೊಂಡೆ. "ಒಂದು ಗೇಣು ಸಾರ್."

"ಒಂದೇ ಗೇಣಾ? ಮಕ್ಕಳಿಗಾ?"

"ಇಲ್ಲ ಸಾರ್, ದೊಡ್ಡವರಿಗೇ."

ಅವರು ನನ್ನನ್ನು ಒಮ್ಮೆ ನೋಡಿ ಬರೆದುಕೊಂಡರು. "ಎಲ್ಲಿ ಮಾಡಿದ್ದು?"

"ಮಹಡಿ ಮೇಲೆ. ಕೆಳಗೆ ಪಾತ್ರೆ ಅಂಗಡಿ."

"ಸೋರಿದರೆ ಏನು ಗತಿ?"

ಚೆಂಡು ತೂತಿನಿಂದ ಕೆಳಗೆ ಬಿದ್ದರೆ ಎಂದು ಕೇಳುತ್ತಿದ್ದಾರೆ ಅಂತ ನನ್ನ ಲೆಕ್ಕ. "ತೂತಿನ ಕೆಳಗೆ ಬಲೆ ಕಟ್ಟಿದೆ ಸಾರ್."

"ಬಲೆ!" ಗುಮಾಸ್ತರು ಕನ್ನಡಕ ತೆಗೆದರು. "ನೀರು ಎಷ್ಟು ದಿನಕ್ಕೊಮ್ಮೆ ಬದಲಾಯಿಸ್ತೀರಿ?"

"ಬದಲಾಯಿಸೋದು ಬೇಡ ಸಾರ್, ಫಿಲ್ಟರ್ ಇದೆ. ಬಂದವರೆಲ್ಲ ಅದನ್ನೇ ಕುಡಿಯೋದು."

ಅವರು ಪೆನ್ನು ಕೆಳಗಿಟ್ಟು ಪಕ್ಕದ ಮೇಜಿನವರನ್ನು ಕರೆದರು. ಅವರು ಇನ್ನೊಬ್ಬರನ್ನು ಕರೆದರು. ನಾನು ಈಜುಕೊಳ ಕಟ್ಟುತ್ತಿಲ್ಲ, ಚೆಂಡಾಟದ ಮೇಜು ಇಡುತ್ತಿದ್ದೇನೆ ಎಂದು ಎಲ್ಲರಿಗೂ ಅರ್ಥವಾಗುವಾಗ ಅರ್ಧ ಗಂಟೆ ಆಯಿತು. ಅಷ್ಟರಲ್ಲಿ ಫಾರ್ಮ್ ತುಂಬಿಯಾಗಿತ್ತು. ಹೊಸದು ತುಂಬಲು ಬೇಸರಪಟ್ಟು ಅವರು ಅದಕ್ಕೇ ಸೀಲು ಒತ್ತಿ ಕೊಟ್ಟರು. ಹಾಗಾಗಿ ನನ್ನ ಲೈಸೆನ್ಸಿನಲ್ಲಿ ಇವತ್ತಿಗೂ ಒಂದು ಷರತ್ತು ಇದೆ: 'ಮುಳುಗುವವರನ್ನು ಮೇಲೆತ್ತಲು ನುರಿತ ವ್ಯಕ್ತಿಯೊಬ್ಬನನ್ನು ನೇಮಿಸತಕ್ಕದ್ದು.'

ನಾನು ನೇಮಿಸಲಿಲ್ಲ. ಆ ಕೋಣೆಯಲ್ಲಿ ಈವರೆಗೆ ಮುಳುಗಿದವನು ನಾನೊಬ್ಬನೇ.

ಕೋಲಿನಲ್ಲಿ ಚುಚ್ಚುವ ಆಟ

ಒಂದು ಮಧ್ಯಾಹ್ನ ಕೋಣೆ ಖಾಲಿ ಇತ್ತು. ಬಿಳಿ ಪಂಚೆ ಉಟ್ಟು, ಕೊಡೆ ಹಿಡಿದ ಅಜ್ಜ ಒಬ್ಬರು ಮೆಟ್ಟಿಲು ಹತ್ತಿ ಬಂದರು. ನರಸಿಂಹರಾಜಪುರದವರಂತೆ. ಕನ್ನಡಕ ರಿಪೇರಿಗೆ ಕೊಟ್ಟಿದ್ದಾರಂತೆ, ಅದು ಆಗುವ ತನಕ ಕೂತುಕೊಳ್ಳಲು ಜಾಗ ಬೇಕಂತೆ.

"ಕೂತ್ಕೊಳ್ಳಿ ಅಜ್ಜ" ಎಂದು ಕುರ್ಚಿಯ ಜೊತೆಗೆ ನನ್ನ ಕಾರ್ಡನ್ನೂ ಕೊಟ್ಟೆ. ಅವರು ಅದನ್ನು ಕೈ ಉದ್ದಕ್ಕೆ ಹಿಡಿದು ಓದಿ ಜೇಬಿಗೆ ಹಾಕಿಕೊಂಡರು.

"ಇದೆಂಥ ಆಟ ಮಾರಾಯ? ಕೋಲಲ್ಲಿ ಚುಚ್ಚೋದಾ?"

ನಾನು ಕಲಿಸಿದೆ. ಗೆರೆ ಇರುವ ಏಳು ಚೆಂಡು ಒಬ್ಬರಿಗೆ, ಗೆರೆ ಇಲ್ಲದ ಏಳು ಇನ್ನೊಬ್ಬರಿಗೆ. ಬಿಳಿ ಚೆಂಡಿಗೆ ಹೊಡೆದು, ಅದರಿಂದ ನಮ್ಮ ಏಳನ್ನೂ ತೂತಿಗೆ ಹಾಕಬೇಕು. ಚೆಂಡು ಬೀಳುತ್ತ ಇರುವಷ್ಟು ಹೊತ್ತು ಸರದಿ ಅವರದೇ. ಕೊನೆಗೆ ಕಪ್ಪು ಚೆಂಡು ಹಾಕಿದವರು ಗೆದ್ದ ಹಾಗೆ. ಆದರೆ ಕಪ್ಪಿನ ಜೊತೆ ಬಿಳಿಯೂ ಬಿದ್ದರೆ ಸೋತ ಹಾಗೆ. ಅಜ್ಜ ಎಲ್ಲದಕ್ಕೂ ತಲೆಯಾಡಿಸಿ, ಕೋಲನ್ನು ತಲೆಕೆಳಗಾಗಿ ಹಿಡಿದು ಆಡಿದರು. ಎರಡು ಆಟ ಸೋತರು.

"ಸುಮ್ಮನೆ ಆಡಿದ್ರೆ ನಿದ್ದೆ ಬರ್ತದೆ. ಎಂಥಾದ್ರೂ ಇಟ್ಟು ಆಡುವನಾ?"

ನೂರು ರೂಪಾಯಿ ಇಟ್ಟೆವು. ಅಜ್ಜ ಸೋತರು. ನೂರರ ನೋಟನ್ನು ಕೊಡುವ ಮೊದಲು ಅವರು ಅದನ್ನು ಎರಡು ಸಲ ಮಡಿಸಿ ಬಿಚ್ಚಿದರು. ನನಗೆ ಪಾಪ ಅನ್ನಿಸಿತು.

"ಸಾವಿರ ಇಡುವನಾ? ಹೋದದ್ದು ವಾಪಸ್ ಬಂದ್ರೂ ಬರಬಹುದು" ಅಂದರು.

ನನ್ನ ಮನಸ್ಸಾಕ್ಷಿ ಏನೋ ಹೇಳಲು ಬಂತು. ಹಿರಿಯರನ್ನು ನಿರಾಸೆ ಮಾಡಬಾರದು ಎಂದು ಅದನ್ನು ಸುಮ್ಮನಿರಿಸಿದೆ.

ಅಜ್ಜ ಕೊಡೆಯನ್ನು ಮೂಲೆಗೆ ಇಟ್ಟರು. ಪಂಚೆ ಎತ್ತಿ ಕಟ್ಟಿದರು. ಕೋಲನ್ನು ತಿರುಗಿಸಿ ಸರಿಯಾಗಿ ಹಿಡಿದು, ತುದಿಗೆ ಸೀಮೆಸುಣ್ಣ ಉಜ್ಜಿ, ಮೇಜಿನ ಮೇಲೆ ಬಾಗಿದರು. ಆಮೇಲೆ ನಾನು ಆಡಲಿಲ್ಲ. ಆಡುವ ಸರದಿ ಬರಲೇ ಇಲ್ಲ. ಕನ್ನಡಕ ಇಲ್ಲದ ಕಣ್ಣಲ್ಲಿ ಅವರು ಏಳೂ ಚೆಂಡನ್ನು ಸಾಲಾಗಿ ತೂತಿಗೆ ಇಳಿಸಿ, ಕಪ್ಪನ್ನು ಕೊನೆಗೆ ಮೆಲ್ಲನೆ ಮಲಗಿಸಿದರು. ಅದೃಷ್ಟ ಇರಬೇಕು ಎಂದು ಇನ್ನೊಂದು ಸಾವಿರ ಇಟ್ಟೆ. ಅದೃಷ್ಟ ಎರಡು ಸಲ ಬರಬಹುದು, ಮೂರು ಸಲ ಬರುವುದಿಲ್ಲ ಎಂದು ಮತ್ತೊಂದು ಸಾವಿರ ಇಟ್ಟೆ.

ಮೂರು ಸಾವಿರ ಸೋತ ಮೇಲೆ ಕೇಳಿದೆ, "ಅಜ್ಜ, ನೀವು ಎಂಥ ಕೆಲಸ ಮಾಡ್ತಿದ್ರಿ?"

"ಕಾಫಿ ಪ್ಲಾಂಟರುಗಳ ಕ್ಲಬ್ಬಲ್ಲಿ ಮಾರ್ಕರು. ಮೇಜು ಒರೆಸೋದು, ಲೆಕ್ಕ ಬರೆಯೋದು, ಸಾಹೇಬರುಗಳ ಜೊತೆ ಆಡೋದು. ಮೂವತ್ತು ವರ್ಷ."

"ಮೊದಲೇ ಹೇಳಬಾರದಿತ್ತಾ?"

ಅಜ್ಜ ಬೇಸರದಿಂದ ಹೇಳಿದರು, "ನಿನ್ನ ಹಾಗೆ ನನ್ನ ಹತ್ರ ಕಾರ್ಡ್ ಇಲ್ವಲ್ಲ ಮಾರಾಯ."

ಬುಧವಾರದ ಊಟ

ನನ್ನ ಹತ್ತಿರ ಏಳುನೂರು ರೂಪಾಯಿ ಮಾತ್ರ ಇತ್ತು. ಕೊಟ್ಟೆ. ಉಳಿದದ್ದು ಎರಡು ಸಾವಿರದ ಮುನ್ನೂರು. "ಅವಸರ ಎಂಥದೂ ಇಲ್ಲ, ನಾನೇ ಬಂದು ತಗೊಂಡು ಹೋಗ್ತೇನೆ" ಎಂದು ಅಜ್ಜ ಹೇಳಿದರು. ಅವರು ಬರುವುದು ಕೋಣೆಗೆ ಎಂದು ನಾನು ಅಂದುಕೊಂಡಿದ್ದೆ. ಕಾರ್ಡಿನಲ್ಲಿ ಮನೆಯ ವಿಳಾಸವೂ ಇದ್ದದ್ದು ನೆನಪಾಗಲಿಲ್ಲ.

ಮುಂದಿನ ಬುಧವಾರ ಮಧ್ಯಾಹ್ನ ಮನೆಯ ಕಿಟಕಿಯಲ್ಲಿ ಕೊಡೆ ಕಾಣಿಸಿತು. ನಾನು ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡೆ. ಹೆಂಡತಿ ಬಾಗಿಲು ತೆಗೆದಳು. "ನಿಮ್ಮ ಯಜಮಾನರು ನಮಗೆ ಬೇಕಾದವರು" ಎಂದು ಅಜ್ಜ ಹೇಳಿದ್ದು ಕೇಳಿಸಿತು. ನನ್ನ ಕಡೆಯ ನೆಂಟರು ಇರಬೇಕು ಎಂದುಕೊಂಡು ಇವಳು ಎಲೆ ಹಾಕಿ ಊಟಕ್ಕೆ ಕೂರಿಸಿದಳು.

ಅಜ್ಜ ನಿಧಾನವಾಗಿ ಉಣ್ಣುವವರು. ಸಾರು, ಹುಳಿ, ಮಜ್ಜಿಗೆ ಎಲ್ಲದಕ್ಕೂ ಬೇರೆ ಬೇರೆ ಅನ್ನ. ನಡುನಡುವೆ ಇವಳು ಬಚ್ಚಲಿನ ಬಾಗಿಲು ಬಡಿದು, "ಇನ್ನೂ ಆಗ್ಲಿಲ್ವಾ ಸ್ನಾನ?" ಎಂದು ಕೇಳುತ್ತಿದ್ದಳು. ಕೇಳಿದಾಗೆಲ್ಲ ನಾನು ತಲೆಗೆ ಎರಡು ಚೊಂಬು ನೀರು ಹೊಯ್ದುಕೊಳ್ಳಬೇಕಾಯಿತು. ಬೆಳಿಗ್ಗೆ ಒಮ್ಮೆ ಸ್ನಾನ ಮಾಡಿದವನು ಮತ್ತೆ ಒಂದೂಕಾಲು ಗಂಟೆ ಸ್ನಾನ ಮಾಡಿದೆ. ಹಂಡೆಯ ಬಿಸಿನೀರು ಮುಗಿದು ತಣ್ಣೀರಿಗೂ ಕೈ ಹಾಕಿದೆ.

ಅಜ್ಜ ಹೋದ ಮೇಲೆ ಇವಳು ಹೇಳಿದಳು, "ನಿಮ್ಮ ಕಡೆಯವರಲ್ಲಿ ಇಷ್ಟು ಒಳ್ಳೆಯವರು ಇದ್ದಾರೆ ಅಂತ ನಂಗೆ ಗೊತ್ತೇ ಇರಲಿಲ್ಲ. ಪ್ರತಿ ಬುಧವಾರ ಬನ್ನಿ ಅಂತ ಹೇಳಿದೆ."

ಅವರು ಬಂದರು. ಎರಡನೇ ಬುಧವಾರವೂ ನನಗೆ ಸ್ನಾನವಾಯಿತು. ಮೂರನೇ ಬುಧವಾರ ನೆಗಡಿ, ಜ್ವರ ಬಂದು ಬಚ್ಚಲಿಗೆ ಹೋಗುವ ಶಕ್ತಿ ಉಳಿದಿರಲಿಲ್ಲ. ಕಂಬಳಿ ಹೊದ್ದು ಅವರ ಪಕ್ಕದಲ್ಲೇ ಊಟಕ್ಕೆ ಕೂತೆ. ಅಜ್ಜ ದುಡ್ಡಿನ ಮಾತೇ ಎತ್ತಲಿಲ್ಲ. "ಮೈ ಹುಷಾರಿಲ್ವಾ ಮಾರಾಯ? ತಲೆಗೆ ಜಾಸ್ತಿ ನೀರು ಹಾಕ್ಬೇಡ" ಎಂದು ಮಾತ್ರ ಹೇಳಿದರು.

ಮಜ್ಜಿಗೆ ಬಡಿಸುತ್ತ ಇವಳು ವಿಚಾರಿಸಿದಳು, "ಅಜ್ಜ, ನಿಮಗೂ ಇವರಿಗೂ ಹೇಗೆ ಸಂಬಂಧ ಅಂತ ನಂಗಿನ್ನೂ ಗೊತ್ತಾಗ್ಲಿಲ್ಲ."

"ದೊಡ್ಡ ಸಂಬಂಧ ಎಂಥದೂ ಅಲ್ಲ ತಂಗಿ. ಎರಡು ಸಾವಿರದ ಮುನ್ನೂರು ರೂಪಾಯಿದು."

ಅವಳು ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಅಜ್ಜನಿಗೆ ಮಾತ್ರ ಬುಧವಾರದ ಊಟ ತಪ್ಪಿಸಲಿಲ್ಲ. "ಗೆದ್ದವರಿಗೂ ಹಾಕ್ತಾ ಇದ್ದೀಯಲ್ಲ" ಎಂದೆ.

"ಸೋತವರಿಗೆ ದಿನಾ ಹಾಕ್ತಾ ಇಲ್ವಾ?" ಎಂದಳು.

ಮೇಜಿನ ಕಾಲು

ಸಾಲ ತೀರಿಸಲು ನನ್ನ ಹತ್ತಿರ ಒಂದು ಗುಟ್ಟಿನ ದಾರಿ ಇತ್ತು. ನನ್ನ ಕೋಣೆಯ ನೆಲ ಕಿಟಕಿಯ ಕಡೆಗೆ ಸ್ವಲ್ಪ ವಾಲಿದೆ. ಮೇಜೂ ವಾಲಿತ್ತು. ಮೆಲ್ಲಗೆ ಹೊಡೆದ ಚೆಂಡು ಕಿಟಕಿಯ ಕಡೆಗೆ ಎರಡು ಬೆರಳಿನಷ್ಟು ಜಾರುತ್ತಿತ್ತು. ಅದನ್ನು ಲೆಕ್ಕಕ್ಕೆ ಹಿಡಿದು ಎರಡು ಬೆರಳು ಈಚೆಗೆ ಗುರಿ ಇಡುವುದು ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನನ್ನ ಆಟದ ಅರ್ಧ ಪಾಲು ಅದೇ.

ಬಾಳೆಹೊನ್ನೂರಿನಿಂದ ಒಬ್ಬ ಕಾಫಿ ವ್ಯಾಪಾರಿ ಆಗಾಗ ಬರುತ್ತಿದ್ದ. ಕೊರಳಲ್ಲಿ ಹೆಬ್ಬೆರಳು ದಪ್ಪದ ಚೈನು, ಬಾಯಿ ತುಂಬ ಪಂಥ. ಮೂರು ಸಾವಿರಕ್ಕೆ ಆಡೋಣ ಎಂದ. ನಾನು ಒಳಗೊಳಗೇ ಅಜ್ಜನ ಬಾಕಿ ಕಳೆದು ಉಳಿದ ಏಳುನೂರಕ್ಕೆ ಹೆಂಡತಿಗೊಂದು ಸೀರೆ ಎಂದು ಲೆಕ್ಕ ಹಾಕಿ ಒಪ್ಪಿದೆ. ಅಜ್ಜನೂ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

ಎರಡು ಬೆರಳು ಈಚೆಗೆ ಗುರಿ ಇಟ್ಟು ಹೊಡೆದೆ. ಚೆಂಡು ಎರಡು ಬೆರಳು ಈಚೆಗೇ ಹೋಯಿತು. ಮತ್ತೆ ಹೊಡೆದೆ. ಮತ್ತೆ ಹಾಗೆಯೇ. ಜೀವಮಾನದಲ್ಲಿ ಮೊದಲ ಸಲ ಚೆಂಡು ನಾನು ಗುರಿ ಇಟ್ಟಲ್ಲಿಗೇ ಹೋಗುತ್ತಿತ್ತು. ಅದರಿಂದಲೇ ನಾನು ಸೋತೆ.

ವ್ಯಾಪಾರಿಗೆ ನಿಂತ ನಿಲುವಿನಲ್ಲಿ ದುಡ್ಡು ಬೇಕು. ಅಜ್ಜನೇ ಸೊಂಟದ ಚೀಲ ಬಿಚ್ಚಿ ಮೂರು ಸಾವಿರ ಎಣಿಸಿ ಕೊಟ್ಟು ನನ್ನ ಮಾನ ಉಳಿಸಿದರು. ನನ್ನ ಸಾಲ ಐದು ಸಾವಿರದ ಮುನ್ನೂರಕ್ಕೆ ಏರಿತು.

ವ್ಯಾಪಾರಿ ಹೋದ ಮೇಲೆ ಮೇಜಿನ ಕೆಳಗೆ ಬಗ್ಗಿ ನೋಡಿದೆ. ಕಿಟಕಿ ಕಡೆಯ ಕಾಲಿನ ಅಡಿಗೆ ಯಾರೋ ರಟ್ಟಿನ ಚೂರುಗಳನ್ನು ಒಂದರ ಮೇಲೊಂದು ಜೋಡಿಸಿ ಮಟ್ಟ ಮಾಡಿದ್ದರು.

"ನಾನೇ ಇಟ್ಟದ್ದು" ಎಂದರು ಅಜ್ಜ, ಹೊಗಳಿಕೆಗೆ ಕಾಯುವವರ ಹಾಗೆ. "ಮೇಜು ವಾಲಿ ನಿನ್ನ ಆಟ ಕೆಡ್ತಾ ಇತ್ತು. ಪಾಪ ಅನ್ನಿಸ್ತು. ಅಲ್ಲೇ ನಿನ್ನ ಕಾರ್ಡಿನ ಕಟ್ಟು ಇತ್ತು. ಗಟ್ಟಿ ಕಾಗದ ಮಾರಾಯ, ಅಂತೂ ಒಂದು ಉಪಯೋಗಕ್ಕೆ ಬಂತು."

ಶೃಂಗೇರಿಯ ಫೈನಲ್

ಹೋದ ವರ್ಷ ಶೃಂಗೇರಿಯಲ್ಲಿ ಒಂದು ಪೂಲ್ ಪಂದ್ಯ ಇಟ್ಟರು. ಮೊದಲ ಬಹುಮಾನ ಐದು ಸಾವಿರ ಮತ್ತು ಒಂದು ಟ್ರೋಫಿ, ಎರಡನೆಯದು ಎರಡು ಸಾವಿರ. ಎಂಟು ಜನ ಹೆಸರು ಕೊಟ್ಟಿದ್ದರು. ಅದರಲ್ಲಿ ನಾನೊಬ್ಬ, ಅಜ್ಜ ಒಬ್ಬರು. ನನ್ನ ಹೆಂಡತಿಯೂ ಜೊತೆಗೆ ಬಂದಳು. ಬೆಳಿಗ್ಗೆ ಅಮ್ಮನವರ ದರ್ಶನ ಮಾಡಿ ಪಂದ್ಯದ ಜಾಗಕ್ಕೆ ಬಂದು ಮುಂದಿನ ಸಾಲಿನಲ್ಲೇ ಕೂತಳು. ಸಾಲದ ಸುದ್ದಿ ಅಷ್ಟರಲ್ಲಿ ಅವಳ ತವರಿಗೂ ಮುಟ್ಟಿತ್ತು. ಗೆದ್ದರೆ ಮುನ್ನೂರು ಬಿಟ್ಟು ಸಾಲವೆಲ್ಲ ತೀರುತ್ತದೆ, ಮುಖವೂ ಉಳಿಯುತ್ತದೆ ಎಂದು ಕೋಲಿನ ತುದಿಗೆ ಸೀಮೆಸುಣ್ಣ ಉಜ್ಜುತ್ತಲೇ ಇದ್ದೆ.

ಮೊದಲ ಸುತ್ತಿನಲ್ಲಿ ನನ್ನ ಎದುರಾಳಿಯ ಬೈಕು ಹರಿಹರಪುರದಲ್ಲಿ ಪಂಕ್ಚರ್ ಆಗಿ ಅವನು ಬರಲಿಲ್ಲ. ನಾನು ಗೆದ್ದೆ. ಎರಡನೇ ಸುತ್ತಿನವನು ಬಂದ, ಆಡಿದ, ಸೋತ. ಅವನ ಬಲಗೈಗೆ ಬ್ಯಾಂಡೇಜ್ ಇದ್ದದ್ದನ್ನು ನಾನು ಯಾರಿಗೂ ಹೇಳಲು ಹೋಗಲಿಲ್ಲ. ಹೀಗೆ ಫೈನಲ್ ತಲುಪಿದೆ. ಎದುರಿಗೆ ಅಜ್ಜ.

ಆಟ ಶುರುವಾಯಿತು. ಏನಾಶ್ಚರ್ಯ, ಅಜ್ಜನ ಒಂದು ಚೆಂಡೂ ಬೀಳುತ್ತಿಲ್ಲ. ಪಾಪ, ವಯಸ್ಸಾಯಿತು ಅಂದುಕೊಂಡೆ. ನಾನು ಒಂದು ಹಾಕಿದೆ, ಎರಡು ಹಾಕಿದೆ. ಒಮ್ಮೆ ಅಜ್ಜ ಗೋಡೆಯ ಕಡೆ ನೋಡುತ್ತ ಎಲ್ಲಿಗೋ ಜೋರಾಗಿ ಹೊಡೆದರು. ಚೆಂಡು ಮೂರು ಅಂಚಿಗೆ ಬಡಿದು ತಿರುಗಿ ಬಂದು ಅವರದೇ ಇನ್ನೊಂದು ಚೆಂಡನ್ನು ನೂಕಿ ತೂತಿಗೆ ಹಾಕಿತು. ಕೂತವರೆಲ್ಲ ಚಪ್ಪಾಳೆ ಹೊಡೆದರು. ಅಜ್ಜ ಮಾತ್ರ ಹಣೆ ಚಚ್ಚಿಕೊಂಡರು.

ಹತ್ತು ನಿಮಿಷದ ಆಟ ಮುಕ್ಕಾಲು ಗಂಟೆ ನಡೆಯಿತು. ನಾನು ಬೆವರಿ, ತಪ್ಪಿ, ಮತ್ತೆ ಹೊಡೆದು, ಅಂತೂ ನನ್ನ ಏಳೂ ಚೆಂಡು ಮುಗಿಸಿದೆ. ಅಜ್ಜನ ಆರು ಚೆಂಡು ಮೇಜಿನ ಮೇಲೆ ಹಾಗೇ ಇದ್ದವು. ಉಳಿದದ್ದು ಕಪ್ಪು. ಹೊಡೆದೆ, ತಪ್ಪಿತು. ಅಜ್ಜ ತಮ್ಮ ಸರದಿಯಲ್ಲಿ ಬಿಳಿ ಚೆಂಡಿನಿಂದ ತಮ್ಮದೊಂದು ಚೆಂಡನ್ನು ತಳ್ಳಿ, ಅದರಿಂದ ಆ ಕಪ್ಪನ್ನು ಮೆಲ್ಲನೆ ನೂಕಿ ತೂತಿನ ಬಾಯಿಗೇ ತಂದು ನಿಲ್ಲಿಸಿದರು. ಉಸಿರು ಬಿಟ್ಟರೂ ಬೀಳುವ ಹಾಗೆ.

ನನ್ನ ಪಕ್ಕದಲ್ಲಿ ಹಾದುಹೋಗುತ್ತ, "ಮೆಲ್ಲ ಹೊಡಿ ಮಾರಾಯ, ಮೆಲ್ಲ" ಎಂದು ಪಿಸುಗುಟ್ಟಿದರು.

ನನ್ನನ್ನು ಹೆದರಿಸಲು ನೋಡುತ್ತಿದ್ದಾರೆ ಎಂದು ನನಗೆ ಸಿಟ್ಟು ಬಂತು. ಮುಂದಿನ ಸಾಲಿನಲ್ಲಿ ಹೆಂಡತಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅವಳಿಗೆ ನನ್ನ ತಾಕತ್ತು ಗೊತ್ತಾಗಲಿ ಎಂದು ಇದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಕಪ್ಪು ಚೆಂಡು ಧಡಕ್ಕನೆ ಬಿತ್ತು. ನಾನು ಎರಡೂ ಕೈ ಮೇಲೆತ್ತಿದೆ. ಅದರ ಹಿಂದೆಯೇ ಬಿಳಿ ಚೆಂಡು ಓಡಿಹೋಗಿ ಅದೇ ತೂತಿಗೆ ಬಿತ್ತು.

ನಾನು ಸೋತೆ. ಎತ್ತಿದ ಕೈ ಇಳಿಸಲು ಸ್ವಲ್ಪ ಹೊತ್ತು ಬೇಕಾಯಿತು.

ವೇದಿಕೆಯಲ್ಲಿ ನನಗೆ ಎರಡು ಸಾವಿರದ ಲಕೋಟೆ ಕೊಟ್ಟರು. ಅದನ್ನು ಹಾಗೆಯೇ ಪಕ್ಕದಲ್ಲಿದ್ದ ಅಜ್ಜನ ಕೈಗೆ ಕೊಟ್ಟೆ. ಗುರುದಕ್ಷಿಣೆ ಎಂದುಕೊಂಡು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮೈಕಿನವರು ಇಂಥ ಶಿಷ್ಯ ಎಲ್ಲರಿಗೂ ಸಿಗಲಿ ಎಂದರು.

ಹೊರಗೆ ಮೆಟ್ಟಿಲ ಹತ್ತಿರ ಹೆಂಡತಿ ಕಾಯುತ್ತಿದ್ದಳು. ನನ್ನ ಕಡೆ ತಿರುಗಿಯೂ ನೋಡದೆ, ಟ್ರೋಫಿ ಹಿಡಿದು ಬರುತ್ತಿದ್ದ ಅಜ್ಜನನ್ನು ತಡೆದು ನಿಲ್ಲಿಸಿದಳು.

"ಎಂಥ ಅಜ್ಜ ಇದು? ಮೊನ್ನೆ ಊಟಕ್ಕೆ ಬಂದಾಗ ಅಷ್ಟು ಬೇಡಿಕೊಂಡಿದ್ದೆ. ಒಂದೇ ಒಂದು ಸಲ ಇವರ ಹತ್ರ ಸೋತು ಬಿಡ್ತೇನೆ ಅಂತ ಮಾತು ಕೊಟ್ಟಿದ್ರಲ್ಲ!"

ಅಜ್ಜ ಟ್ರೋಫಿಯನ್ನು ಮೆಟ್ಟಿಲ ಮೇಲಿಟ್ಟು, ಅವಳಿಗೆ ಕೈ ಮುಗಿದರು.

"ಸುಳ್ಳು ಹೇಳೋದಿಲ್ಲ ತಂಗಿ. ಕ್ಲಬ್ಬಲ್ಲಿ ಸಾಹೇಬರುಗಳ ಹತ್ರ ಸೋಲೋದೇ ನನ್ನ ಕೆಲಸ ಆಗಿತ್ತು. ಕುಡಿದವರ ಹತ್ರ ಸೋತಿದ್ದೇನೆ, ಕಣ್ಣು ಕಾಣದವರ ಹತ್ರ ಸೋತಿದ್ದೇನೆ. ಮೂವತ್ತು ವರ್ಷ ಅದಕ್ಕೇ ಸಂಬಳ ಕೊಟ್ರು. ಆದ್ರೆ ನಿನ್ನ ಗಂಡನ ಹತ್ರ ಸೋಲೋವಷ್ಟು ದೊಡ್ಡ ಆಟಗಾರ ನಾನಲ್ಲ."