ಇನ್ನೂರು ವರ್ಷದ ಸಹಿಗಳ ಹಿಂದೆ ಬಿದ್ದು

ಹಳೇ ಕಾಗದ ತನ್ನ ಪಾಡಿಗೆ ಫೈಲಿನಲ್ಲಿ ಮಲಗಿರುತ್ತೆ, ಅದರಿಂದ ಯಾರಿಗೇನು ತೊಂದರೆ ಅನ್ನುವವರು ನನ್ನ ಜೊತೆ ಒಂದು ವರ್ಷ ಇದ್ದು ನೋಡಬೇಕು. ಸಿಯಾಟಲ್ ಪಕ್ಕದ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ವಿಭಾಗ ನೋಡ್ಕೋತೀನಿ. ಸರ್ಟಿಫಿಕೇಟಿನ ಕೆಳಗೆ ಸಹಿ ಇದೆಯಾ ಅಂತ ದಿನವಿಡೀ ಹುಡುಕೋದೇ ಕೆಲಸ. ಮನೆಗೆ ಬಂದ ಮೇಲೂ ಅದೇ. ಅಮೆರಿಕ ಹೊಸದಾಗಿ ದೇಶವಾದ ಕಾಲದ ಪತ್ರ, ಪರವಾನಗಿ, ಆದೇಶ, ಏನೇ ಇರಲಿ, ಅಡಿಯಲ್ಲಿ ಆಗಿನವರ ಸಹಿ ಇದ್ದರೆ ನನಗೆ ಬೇಕು. ಈ ಹುಚ್ಚು ಹಿಡಿದ ಮೇಲೆ ನನ್ನ ಬಿ.ಪಿ. ಏರಿಸದೆ ಒಂದು ಕಾಗದವೂ ಮನೆಗೆ ಬಂದಿಲ್ಲ.

ಮೂರು ಸಲ ಯೆಸ್

ಹಳೇ ಹಡಗೊಂದರ ಪರವಾನಗಿ ಹರಾಜಿಗೆ ಬಂದಿತ್ತು. ಹರಾಜು ನಡೆಯೋದು ಅಮೆರಿಕದ ಪೂರ್ವದ ಒಂದು ಊರಲ್ಲಿ. ಹರಾಜಿನವರು ಫೋನ್ ಮಾಡಿ, ಬೆಲೆ ಏರಿದಾಗಲೆಲ್ಲ "ಮುಂದುವರಿಸ್ತೀರಾ?" ಅಂತ ಕೇಳ್ತಾರೆ. ನಾವು "ಯೆಸ್" ಅನ್ನಬೇಕು. ಸುಮ್ಮನಿದ್ದರೆ ಕಾಗದ ಬೇರೆಯವರ ಪಾಲು.

ಅವತ್ತೇ ನಮ್ಮಲ್ಲಿ ಆಡಿಟ್. ಬೆಳಿಗ್ಗೆ ಹತ್ತಕ್ಕೆ ಹೊರಡಬೇಕಿದ್ದ ಆಡಿಟರ್ ಹನ್ನೊಂದಕ್ಕೆ ಹರಾಜಿನ ಫೋನ್ ಬರೋ ಹೊತ್ತಿಗೂ ಕೂತೇ ಇದ್ದರು. ಎಡಗಿವಿಗೆ ಇಯರ್‌ಫೋನ್ ಸಿಕ್ಕಿಸಿ, ಮೇಲೆ ಕೂದಲು ಇಳಿಬಿಟ್ಟು ಅವರೆದುರು ಕೂತೆ. ಪಕ್ಕದಲ್ಲಿ ನನ್ನ ಮ್ಯಾನೇಜರ್.

ಎಡಗಿವಿಯಲ್ಲಿ, "ಮೇಡಂ, ಬೇರೆಯವರು ಏರಿಸಿದಾರೆ. ಮುಂದುವರಿಸ್ತೀರಾ?" ಬಲಗಿವಿಯಲ್ಲಿ ಆಡಿಟರ್, "ಈ ಅಳತೆ ಉಪಕರಣದ ತಪಾಸಣೆ ಅವಧಿ ಮುಗಿದಿದೆಯಾ?"

"ಯೆಸ್" ಅಂದೆ. ಆಡಿಟರ್ ಬರೆದುಕೊಂಡರು.

"ಮತ್ತೆ ಏರಿತು, ಮೇಡಂ."

"ಅವಧಿ ಮುಗಿದಿದ್ದು ಗೊತ್ತಿದ್ದೂ ಬಳಸಿದಿರಾ?"

"ಯೆಸ್." ಮೇಜಿನ ಕೆಳಗೆ ಮ್ಯಾನೇಜರ್ ನನ್ನ ಕಾಲು ತುಳಿದರು.

"ಕೊನೇ ಅವಕಾಶ, ಮೇಡಂ."

"ಇದು ನಿಮ್ಮ ಮ್ಯಾನೇಜರ್‌ಗೂ ಗೊತ್ತಿತ್ತಾ?"

ಮ್ಯಾನೇಜರ್ ನನ್ನನ್ನೇ ನೋಡ್ತಾ ಇದ್ದರು. ಅವರ ಮೂವರು ಮಕ್ಕಳು ನನ್ನ ಕಣ್ಣ ಮುಂದೆ ಬಂದರು. ಆಮೇಲೆ ಹಡಗು ಬಂತು. "ಯೆಸ್" ಅಂದೆ.

ಪರವಾನಗಿ ನನ್ನದಾಯಿತು. ಆ ಉಪಕರಣದ ಮೇಲೆ ಹಳೇ ಸ್ಟಿಕರ್ ಹಾಗೇ ಉಳಿದಿತ್ತು ಅಷ್ಟೇ, ತಪಾಸಣೆ ಸರಿಯಾದ ಸಮಯಕ್ಕೇ ಆಗಿದೆ ಅಂತ ದಾಖಲೆ ತೋರಿಸಿ ಒಪ್ಪಿಸೋಕೆ ಸಂಜೆಯಾಯಿತು. ಹೊರಡುವಾಗ ಆಡಿಟರ್ ನನ್ನ ಕೈ ಕುಲುಕಿದರು. "ನನ್ನ ಸರ್ವಿಸ್‌ನಲ್ಲಿ ಇಷ್ಟು ಧೈರ್ಯವಾಗಿ ತಪ್ಪೊಪ್ಪಿಕೊಂಡವರನ್ನ ನೋಡಿರಲಿಲ್ಲ. ಆದರೆ ಮೂರರಲ್ಲಿ ಒಂದೂ ನಿಜ ಅಲ್ಲ."

ಚೌಕಟ್ಟಿನ ಅಡಿಯಲ್ಲಿ

ಎಜುಕೇಶನ್ ಹಿಲ್‌ನ ನಮ್ಮ ಮನೆಗೆ ಮಾವನವರು ಬಂದಿದ್ದರು. ಅವರು ಮೈಸೂರು ಕಡೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿದ್ದು ರಿಟೈರ್ ಆದವರು. ಗೋಡೆಯ ಮೇಲೆ ನನ್ನ ಹೆಮ್ಮೆಯ ಆಸ್ತಿ, ಅಧ್ಯಕ್ಷರೊಬ್ಬರ ಸಹಿ ಇರುವ ಜಮೀನಿನ ಹಕ್ಕುಪತ್ರ. ಕೊಂಡಾಗಲೇ ಚೌಕಟ್ಟು ಹಾಕಿತ್ತು. ಮಾವ ಕನ್ನಡಕ ಏರಿಸಿ ಹತ್ತು ನಿಮಿಷ ನೋಡಿದರು.

"ಚಕ್ಕುಬಂದಿ ಸರಿಯಾಗಿಲ್ಲ. ಅದಿರಲಿ, ಜಮೀನೆಲ್ಲಿ?"

"ಜಮೀನು ಬರಲ್ಲ ಮಾವ. ಪತ್ರ ಮಾತ್ರ."

ಅವರು ನನ್ನ ಗಂಡನನ್ನು ಒಂದು ಸಲ ನೋಡಿದರು. ಗಂಡ ಬೆಲ್ವ್ಯೂ ಆಫೀಸಿಗೆ ತಡವಾಯಿತು ಅಂತ ಹೊರಟೇಬಿಟ್ಟರು.

ಮಾವ ಮತ್ತೆ ಸಹಿಯ ಮೇಲೆ ಕಣ್ಣು ನೆಟ್ಟರು. "ಇದು ದೊಡ್ಡವರ ಕೈ ಅಲ್ಲಮ್ಮ. ದೊಡ್ಡವರಿಗೆ ಇಷ್ಟು ದುಂಡಗೆ ಬರೆಯೋ ತಾಳ್ಮೆ ಇರಲ್ಲ. ದಿನಕ್ಕೆ ನೂರಾರು ಸಹಿ ಹಾಕಿ ಪಳಗಿದ ಕೈ ಇದು. ಬಿಚ್ಚು, ಕೆಳಗಿನ ಅಂಚು ನೋಡೋಣ."

ಬಿಚ್ಚುವಾಗ ಹರಿದರೆ ಏನು ಗತಿ. ಬಿಚ್ಚದಿದ್ದರೆ ಇನ್ನು ನಿದ್ದೆ ಬರಲ್ಲ. ಊಟದ ಮೇಜು ಒರೆಸಿ, ಬಿಳಿ ಬಟ್ಟೆ ಹಾಸಿ, ಮೊಳೆಗಳನ್ನು ಒಂದೊಂದೇ ತೆಗೆದೆ. ಮಾವ ದೀಪ ಹಿಡಿದರು. ಸುತ್ತಲಿನ ರಟ್ಟನ್ನು ಎತ್ತಿದ ಮೇಲೆ, ಅಷ್ಟು ದಿನ ಅದರಡಿ ಮುಚ್ಚಿಹೋಗಿದ್ದ ಒಂದು ಸಣ್ಣ ಸಾಲು ಕಾಣಿಸಿತು. ಅಧ್ಯಕ್ಷರ ಪರವಾಗಿ, ಕಾರ್ಯದರ್ಶಿ.

ಕುರ್ಚಿ ಎಳೆದು ಕೂತುಬಿಟ್ಟೆ. ಮಾವ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು. "ಬೇಜಾರು ಮಾಡ್ಕೋಬೇಡಮ್ಮ. ನಮ್ಮ ಆಫೀಸಲ್ಲೂ ಸಾಹೇಬರ ಸಹಿಗಿಂತ ಗುಮಾಸ್ತನ ಸಹಿಗೇ ಬೆಲೆ ಜಾಸ್ತಿ ಇತ್ತು."

ಅಜ್ಜಿಯ ಪರೀಕ್ಷೆ

ಕೆಂಟ್ ಆಚೆಯ ಗುಡ್ಡದ ಮೇಲೊಬ್ಬ ಅಮೆರಿಕನ್ ಅಜ್ಜಿ. ಅವರ ಬಳಿ ಸ್ವಾತಂತ್ರ್ಯ ಯುದ್ಧದ ಸೈನಿಕನೊಬ್ಬನ ಬಿಡುಗಡೆ ಪತ್ರ ಇತ್ತು, ಅವನ ಸೇನಾಪತಿಯ ಸಹಿಯ ಸಮೇತ. ಚರಿತ್ರೆ ಗೊತ್ತಿರುವವರಿಗೆ ಮಾತ್ರ ಮಾರ್ತೀನಿ ಅಂತ ಹಠ. ಆಗಲೇ ನಾಲ್ಕು ಜನರನ್ನು ವಾಪಸ್ ಕಳಿಸಿದ್ದರು.

ನಾನು ಹೋದಾಗ ಅಜ್ಜಿ ಪತ್ರವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಮೂಲೆಯ ಆರಾಮ ಕುರ್ಚಿಯಲ್ಲಿ ಅವರ ಯಜಮಾನರು. ನನ್ನ ಅದೃಷ್ಟಕ್ಕೆ ಹಿಂದಿನ ತಿಂಗಳಷ್ಟೇ ನಾನು ಅಮೆರಿಕದ ಪೌರತ್ವದ ಪರೀಕ್ಷೆ ಪಾಸಾಗಿದ್ದೆ.

"ಮೊದಲಿಗೆ ಎಷ್ಟು ರಾಜ್ಯಗಳಿದ್ದವು?"

"ಹದಿಮೂರು" ಅಂದೆ. ಮೂಲೆಯಿಂದ ಯಜಮಾನರು, "ಐವತ್ತು" ಅಂದರು.

"ಯುದ್ಧ ಯಾರ ಮೇಲೆ?"

"ಬ್ರಿಟನ್."

"ಫ್ರಾನ್ಸ್" ಅಂತು ಮೂಲೆ.

ಹೀಗೆ ಹತ್ತು ಪ್ರಶ್ನೆ ಮುಗಿಯಿತು. ಅಜ್ಜಿ ನಿಟ್ಟುಸಿರು ಬಿಟ್ಟು ಪತ್ರವನ್ನು ನನ್ನ ಕೈಗಿಟ್ಟರು. ನನಗೆ ಸಂಕೋಚವಾಯಿತು. "ನಿಮ್ಮ ವಂಶದ ಕಾಗದ. ಮಾರೋಕೆ ಮನಸ್ಸು ಹೇಗೆ ಬಂತು?" ಅಂತ ಕೇಳಿದೆ.

"ನನ್ನ ವಂಶದ್ದಲ್ಲ, ಅವರದು" ಅಂದರು ಅಜ್ಜಿ, ಮೂಲೆಗೆ ಬೆರಳು ತೋರಿಸಿ. "ಪರೀಕ್ಷೆ ಮೊದಲು ಅವರಿಗೇ ಕೊಟ್ಟಿದ್ದೆ. ಫೇಲಾದರು. ಅದಕ್ಕೇ ಮಾರ್ತಾ ಇದೀನಿ."

ನಲವತ್ತು ಪೀಪಾಯಿ

ಎಲ್ಲಕ್ಕಿಂತ ಹೆಚ್ಚು ನನ್ನ ಬಿ.ಪಿ. ಏರಿಸಿದ್ದು ಸಿಯಾಟಲ್‌ನ ವಿಮಾನ ನಿಲ್ದಾಣ. ನನ್ನ ಹತ್ತಿರವಿದ್ದ ಒಂದು ಸೇನಾ ಪತ್ರವನ್ನು ಪೂರ್ವದಲ್ಲಿರುವ ತಜ್ಞರಿಗೆ ತೋರಿಸಬೇಕಿತ್ತು. ಎರಡು ರಟ್ಟಿನ ನಡುವೆ ಇಟ್ಟು, ಸುತ್ತಲೂ ಟೇಪ್ ಹಾಕಿ, ಎದೆಗವಚಿಕೊಂಡು ಸೆಕ್ಯೂರಿಟಿ ಸಾಲಿನಲ್ಲಿ ನಿಂತೆ. ಯಂತ್ರದ ಪಕ್ಕದ ಯುವ ಅಧಿಕಾರಿ ಅದನ್ನು ಬದಿಗಿಟ್ಟು, "ಇದೇನು?" ಅಂದರು.

"ಹಳೇ ಪತ್ರ."

"ಯಾವ ವಿಷಯದ ಪತ್ರ?"

ನನಗೆ ಸುಳ್ಳು ಹೇಳೋಕೆ ಬರಲ್ಲ. ಅಲ್ಲಂತೂ ಹೇಳಲೇಬಾರದು. "ಸಿಡಿಮದ್ದು ತರಿಸಿಕೊಳ್ಳೋ ಆದೇಶ" ಅಂದೆ.

ನನ್ನ ಹಿಂದೆ ನಿಂತಿದ್ದವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಅಧಿಕಾರಿ ಯಾರನ್ನೋ ಕರೆದರು. ನರೆತ ಮೀಸೆಯ ಮೇಲಧಿಕಾರಿಯೊಬ್ಬರು ಬಂದು, ನನ್ನನ್ನೂ ರಟ್ಟನ್ನೂ ಪಕ್ಕದ ಮೇಜಿಗೆ ಕರೆದೊಯ್ದರು. ಕೈಗವಸು ಹಾಕಿಕೊಂಡು ಟೇಪ್ ಕತ್ತರಿಸಿದರು. ಕತ್ತರಿ ಕಾಗದದ ಹತ್ತಿರ ಬಂದಾಗಲೆಲ್ಲ "ನಿಧಾನ, ಸರ್" ಅಂದೆ. ವಿಮಾನ ಹತ್ತಲು ಕರೆಯುವ ಘೋಷಣೆ ಕೇಳಿಸಿತು.

ಅವರು ಪತ್ರವನ್ನು ಅತ್ತಿತ್ತ ತಿರುಗಿಸಿದರು. "ಈ ಹಳೇ ಕಾಲದ ಕೂಡಿಸಿ ಬರೆದ ಅಕ್ಷರ ನನಗೆ ಓದೋಕಾಗಲ್ಲ. ನೀವೇ ಓದಿ. ಗಟ್ಟಿಯಾಗಿ."

ಎಲ್ಲರ ಮುಂದೆ ಓದಿದೆ. ಈ ಪತ್ರ ತಲುಪಿದ ಕೂಡಲೇ ನಲವತ್ತು ಪೀಪಾಯಿ ಮದ್ದನ್ನು ಗುಟ್ಟಾಗಿ ಕಳಿಸಿಕೊಡತಕ್ಕದ್ದು, ಶತ್ರುಗಳು ಹತ್ತಿರದಲ್ಲೇ ಇದ್ದಾರೆ, ತಡ ಮಾಡಿದರೆ ಕೆಟ್ಟೆವು.

"ಈ ಸಹಿ ಯಾರದು? ಈಗೆಲ್ಲಿದಾರೆ?"

"ಸೇನಾಪತಿಯದು, ಸರ್. ತೀರಿಕೊಂಡು ಇನ್ನೂರು ವರ್ಷವಾಯಿತು."

ಮೇಲಧಿಕಾರಿ ನಗಲಿಲ್ಲ. ಕೈಯಲ್ಲಿದ್ದ ಪೆನ್ನು ತೆರೆದು, ಮುಂದೆ ಬಗ್ಗಿ, ದನಿ ತಗ್ಗಿಸಿ ಕೇಳಿದರು. "ಆ ನಲವತ್ತು ಪೀಪಾಯಿ ಏನಾಯಿತು?"

"ಬ್ರಿಟಿಷರ ಮೇಲೆ ಖರ್ಚಾಯಿತು, ಸರ್."

"ಪೂರ್ತಿ?"

"ಪೂರ್ತಿ."

ಅವರು ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡರು. ಪತ್ರವನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು.

"ಸದ್ಯ. ಒಂದು ಪೀಪಾಯಿ ಉಳಿದಿದ್ದರೂ ನಾನು ರಿಪೋರ್ಟ್ ಬರೀಬೇಕಾಗ್ತಿತ್ತು."