ಜಿರಳೆ ಬಿಟ್ಟ ಸಕ್ಕರೆ

— ಡಬ್ಬ ಕೊಡಿ ಅಂದ್ನಲ್ರೀ.

— ಕೊಡಲ್ಲ ಕಣೆ. ಇದು ಜಿರಳೆಗಳ ಸಕ್ಕರೆ.

ನಿವೃತ್ತ ರೈಲ್ವೆ ಗುಮಾಸ್ತರು ಡಬ್ಬವನ್ನು ಎದೆಗವಚಿಕೊಂಡು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದರು. ೨೦೧೬ರ ಮಾರ್ಚ್ ೯, ಬುಧವಾರ, ವೈದ್ಯರು ಅವರಿಗೆ ಸಿಹಿಯನ್ನು ನಿಷೇಧಿಸಿದಂದಿನಿಂದ ಆ ಮನೆಯಲ್ಲಿ ಸಕ್ಕರೆಗೆ ಉಳಿದಿದ್ದ ಕೆಲಸ ಒಂದೇ: ಹಿಟ್ಟು, ಬೋರಿಕ್ ಪುಡಿಗಳೊಡನೆ ಬೆರೆತು ಜಿರಳೆಗಳಿಗೆ ಉಂಡೆಯಾಗುವುದು. ಪುಡಿ ಬೆರೆಸುವ ಮುನ್ನ ಎರಡು ಚಮಚ ಸಕ್ಕರೆ ಎಲ್ಲಿಗೆ ಹೋಗುತ್ತಿತ್ತೆಂಬುದು ಗುಮಾಸ್ತರ ನಾಲಗೆಗೆ ಗೊತ್ತಿತ್ತು. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಬೋಧಿಸಿ ನಿವೃತ್ತರಾದ ಹೆಂಡತಿಗೂ ಈಗ ಗೊತ್ತಾಗಿತ್ತು.

— ಉಂಡೆ ಇಟ್ಟಲ್ಲೇ ಇದೆ ನೋಡಿ. ಜಿರಳೆಗಳು ಅದನ್ನ ಸುತ್ತಿಬಳಸಿ ಓಡಾಡ್ತಿವೆ. ಸಿಹಿ ಮುಟ್ಟಲ್ಲ ಅವು.

— ಬುದ್ಧಿ ಕಲಿತಿವೆ. ಆ ಮನುಷ್ಯನ ಉಂಡೆ ತಿನ್ನಬೇಡ್ರೋ ಅಂತ ಅಪ್ಪ ಅಮ್ಮ ಹೇಳಿಕೊಟ್ಟಿರ್ತವೆ.

— ತಿಂದವು ಸತ್ತವು. ಸತ್ತವು ಹ್ಯಾಗ್ರೀ ಹೇಳಿಕೊಡ್ತವೆ?

— ಹಾಗಾದ್ರೆ ನೋಡಿದವು ಹೆದರಿ ಸಕ್ಕರೆ ಬಿಟ್ಟಿವೆ. ನನ್ನ ಹಾಗೆ.

— ನಿಮ್ಮ ಹಾಗೆ ಬಿಟ್ಟಿದ್ರೆ ಉಂಡೆ ಖಾಲಿಯಾಗ್ತಿತ್ತು.

ಗುಮಾಸ್ತರು ಡಬ್ಬದ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿಮಾಡಿದರು.

— ಒಂದು ಜಿರಳೆನೂ ಬದಲಾಗಿಲ್ಲ ರೀ. ಬದಲಾಗಿದ್ದು ಗುಂಪು. ಮೊದಲು ಅದರಲ್ಲಿ ನಾಲ್ಕೈದಕ್ಕೆ ಮಾತ್ರ ಹುಟ್ಟಿನಿಂದಲೇ ಸಕ್ಕರೆ ಅಂದ್ರೆ ಕಹಿ. ಸಿಹಿಬಾಯಿಯವು ನಿಮ್ಮ ಉಂಡೆ ತಿಂದು ಹೋದವು. ಕಹಿ ಅಂದವು ಉಳಿದು ಮೊಟ್ಟೆ ಇಟ್ಟವು, ಮರಿಗಳಿಗೂ ಅದೇ ನಾಲಗೆ ಬಂತು. ಇಷ್ಟು ವರ್ಷ ನೀವೇ ಆರಿಸಿ ಆರಿಸಿ ಇಂಥವನ್ನ ಉಳಿಸಿದ್ದೀರಿ.

— ನಾನ್ಯಾವಾಗ ಆರಿಸಿದೆ? ಎಲ್ಲಕ್ಕೂ ಒಂದೇ ಉಂಡೆ. ಭೇದಭಾವ ಮಾಡೋ ಜಾಯಮಾನ ನಂದಲ್ಲ.

— ಯಾರೂ ಕೂತು ಆರಿಸಬೇಕಾಗಿಲ್ಲ. ಬದುಕಿ ಮರಿ ಮಾಡಿದ್ದೇ ಆಯ್ಕೆ. ಅದಕ್ಕೇ ನಿಸರ್ಗದ ಆಯ್ಕೆ ಅನ್ನೋದು. ಇನ್ನು ಎಣ್ಣೆ ಉಂಡೆ ಕಟ್ಟೋಣ. ಡಬ್ಬ ಕೊಡಿ.

ಬೆರಳಿಗಂಟಿದ ಎಣ್ಣೆ ನೆಕ್ಕುವ ಭವಿಷ್ಯ ಗುಮಾಸ್ತರ ಕಣ್ಣೆದುರು ನಿಂತಿತು. ಆದರೆ ರೈಲ್ವೆ ನಿಯಮಾವಳಿಯಲ್ಲಿ ಪಳಗಿದ ತಲೆ ಅಷ್ಟರಲ್ಲೇ ಒಂದು ಸಂದು ಕಂಡುಹಿಡಿಯಿತು.

— ತಡಿ. ಸಕ್ಕರೆ ಉಂಡೆ ನಿಲ್ಲಿಸಿದ್ರೆ ಅಳಿದುಳಿದ ಸಿಹಿಬಾಯಿಯವು ಸಾಯಲ್ಲ, ಅಲ್ವಾ?

— ಸಾಯಲ್ಲ.

— ಕ್ರಮೇಣ ಅವೇ ಮತ್ತೆ ಹೆಚ್ಚಬಹುದು?

— ಹೆಚ್ಚಬಹುದು.

— ಆಗ ಸಕ್ಕರೆ ಬೇಕಲ್ಲ ಟೀಚರಮ್ಮ. ಅಲ್ಲೀವರೆಗೆ ಡಬ್ಬ ನನ್ನ ಸುಪರ್ದಿನಲ್ಲಿರಲಿ.

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು.

— ಪಾಠ ಚೆನ್ನಾಗೇ ತಲೆಗೆ ಹತ್ತಿದೆ. ಆದರೆ ಅವು ನೂರು ಸತ್ರೆ ಇನ್ನೂರು ಬರ್ತವೆ, ಗುಂಪು ಸುಧಾರಿಸ್ಕೊಳ್ಳತ್ತೆ. ನನ್ನ ಹತ್ರ ಗಂಡಂದಿರ ಗುಂಪಿಲ್ಲ ರೀ. ಇರೋದು ನೀವೊಬ್ರೇ.

ಗುಮಾಸ್ತರು ಮೆತ್ತಗಾದರು. ಡಬ್ಬವನ್ನು ಎರಡೂ ಕೈಯಿಂದ ಒಪ್ಪಿಸಿದರು. ಒಪ್ಪಿಸಿದ ಮೇಲೂ ಬಾಯಿ ಸುಮ್ಮನಿರಲಿಲ್ಲ.

— ಗುಂಪಿದ್ದಿದ್ರೆ?

— ಗುಂಪಿದ್ದಿದ್ರೆ, ಉಂಡೆ ನಾನೇ ಕಟ್ಟಿ ಕೊಡ್ತಿದ್ದೆ.