ಲೋಹಬಾಹುವಿನ ಲಿಂಕ್ ಆಫೀಸರ್

ತನ್ನ ಹೊಸ ಕಥೆಯ ಮುದುಕ ಹಾರುವುದಿಲ್ಲ ಎಂದು ಇಂದುಶೇಖರ ಮೂರು ಸಲ ಹೇಳಿದ. ನಿರ್ಮಾಪಕ ಚಂದ್ರಕಾಂತ ಮೂರು ಸಲವೂ ನಂಬಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದ.

"ನಿನ್ನ ಹೆಸರು ತೆರೆ ಮೇಲೆ ಬಂತು ಅಂದ್ರೆ, ಮುದುಕ ಯಾವಾಗ ಹಾರ್ತಾನೆ ಅಂತ ಜನ ಕಾಯ್ತಾರಪ್ಪ," ಎಂದರು ಚಂದ್ರಕಾಂತ, ಬೆಳಿಗ್ಗೆ ಒಂಬತ್ತಕ್ಕೆ, ನೋಯ್ಡಾದಿಂದ ಫೋನಿನಲ್ಲಿ. "ನೀನು ಲೋಹಬಾಹು ನಾಲ್ಕು ಬರಿ. ಗಂಭೀರ ಕಥೆನ ಬದುಕು ಕಂಡ ಹಿರಿಯರು ಯಾರಾದ್ರೂ ಹೇಳಿದ್ರೆ ಕೇಳ್ತೀನಿ."

ಕಾಮಿಕ್ ಪುಸ್ತಕದ ಲೋಹಬಾಹುವನ್ನು ಮೂರು ಹಿಂದಿ ಸಿನಿಮಾಗಳಲ್ಲಿ ಹಾರಿಸಿದವನು ಇಂದುಶೇಖರನೇ. ಮೂರೂ ಓಡಿದ್ದವು. ಅದರಿಂದ ದೆಹಲಿಯ ದ್ವಾರಕಾದಲ್ಲಿ ಅವನಿದ್ದ ಹೌಸಿಂಗ್ ಸೊಸೈಟಿಯಲ್ಲಿ ಅವನಿಗೆ ಸ್ವಂತ ಹೆಸರು ಉಳಿದಿರಲಿಲ್ಲ. ನೀರು ಬರದಿದ್ದರೆ "ಲೋಹಬಾಹು ಸಾಬ್, ಟ್ಯಾಂಕರ್ ಎತ್ಕೊಂಡು ಬನ್ನಿ" ಎನ್ನುತ್ತಿದ್ದರು. ಆದರೆ ಅವನ ಡ್ರಾಯರಿನಲ್ಲಿ ಎರಡು ವರ್ಷದಿಂದ ಇನ್ನೊಂದು ಚಿತ್ರಕಥೆ ಕೂತಿತ್ತು. ನಿವೃತ್ತನಾದ ಮೇಲೂ ದಿನಾ ಆಫೀಸಿನ ಬಸ್ಸು ಹತ್ತುವ ಗುಮಾಸ್ತನದು. ಹೆಸರು ‘ಒಂಬತ್ತು ಹತ್ತರ ಬಸ್ಸು’. ಅದೊಂದು ತೆರೆಗೆ ಬಂದರೆ ಸಾಕು, ತನ್ನ ಹೆಸರು ತನಗೆ ವಾಪಸು ಸಿಗುತ್ತದೆ.

"ಅಂಥ ಹಿರಿಯರೊಬ್ರು ನಮ್ಮ ಸೊಸೈಟಿಯಲ್ಲೇ ಇದಾರೆ ಸರ್. ನಾಲ್ಕಕ್ಕೆ ಬನ್ನಿ," ಎಂದುಬಿಟ್ಟ.

ಚಂದ್ರಕಾಂತ ಚಿತ್ರಕಥೆಯನ್ನು ಓದುವವರಲ್ಲ, ಎದುರು ಕೂತು ಕೇಳುವವರು. ಕೇಳಿ ಅತ್ತರೆ ಅಲ್ಲೇ ಮಾತು ಕೊಡುವವರು. ಹಿರಿಯರು ಕಥೆಯನ್ನು ತಮ್ಮದೆಂಬಂತೆ ಹೇಳುವುದು, ಚಂದ್ರಕಾಂತ ಅತ್ತು ಮಾತು ಕೊಟ್ಟ ಕ್ಷಣದಲ್ಲಿ ತಾನು ‘ಬರೆದವನು ನಾನು’ ಎಂದು ಎದ್ದು ನಿಲ್ಲುವುದು. ತನ್ನ ಮೂರೂ ಸಿನಿಮಾಗಳಲ್ಲಿ ಇಷ್ಟು ಬಿಗಿಯಾದ ಕ್ಲೈಮ್ಯಾಕ್ಸ್ ಇಲ್ಲ ಎಂದು ಇಂದುಶೇಖರನಿಗೆ ಖಾತ್ರಿಯಿತ್ತು.

ಹಿರಿಯರೆಂದರೆ ಐದನೇ ಮಹಡಿಯ ದತ್ತಾತ್ರೇಯ. ಕೇಂದ್ರ ಸರ್ಕಾರದಲ್ಲಿ ಅಂಡರ್ ಸೆಕ್ರೆಟರಿಯಾಗಿ ನಿವೃತ್ತರಾದವರು. ಬೇರೆ ಯಾರೂ ನಿಲ್ಲದ ಕಾರಣ ಏಳು ವರ್ಷದಿಂದ ಸೊಸೈಟಿಯ ಅಧ್ಯಕ್ಷರು. ಇಂದುಶೇಖರ ಹುಡುಕಿ ಹೋದಾಗ ಅವರು ಟೆರೇಸಿನ ಮಷೀನ್ ರೂಮಿನಲ್ಲಿ ಒಂದು ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸುತ್ತ, ಅವಲಕ್ಕಿ ಕುಟ್ಟುವವರಂತೆ ಏದುಸಿರು ಬಿಡುತ್ತಿದ್ದರು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತ್ತು.

"ಎಪ್ಪತ್ತು ಸುತ್ತು ಹಾಕಿದ್ರೆ ಒಂದು ಮಹಡಿ," ಎಂದರು ಬೆವರು ಒರೆಸಿಕೊಂಡು. "ನಿನ್ನ ಲೋಹಬಾಹು ಇದ್ದಿದ್ರೆ ಒಂದೇ ಕೈಲಿ ಎತ್ತಿರೋನು. ಏನು ಬಂದಿದ್ದು?"

ಇಂದುಶೇಖರ ಹೇಳಿದ.

"ಅಂದ್ರೆ ನಾನು ಸುಳ್ಳು ಹೇಳ್ಬೇಕು."

"ಸುಳ್ಳಲ್ಲ ಅಂಕಲ್. ನಾಲ್ಕರಿಂದ ಆರರ ತನಕ ನನ್ನ ಕೆಲಸದ ಚಾರ್ಜ್ ತಗೊಳ್ಳೋದು, ಅಷ್ಟೆ."

ಚಾರ್ಜ್ ಎಂಬ ಮಾತು ಕಿವಿಗೆ ಬಿದ್ದದ್ದೇ ದತ್ತಾತ್ರೇಯರ ಬೆನ್ನು ನೆಟ್ಟಗಾಯಿತು.

"ಹಾಗಾದ್ರೆ ಪೇಪರ್ ಮೇಲೆ ಬರಲಿ. ನಾನು ನಿನ್ನ ಕೆಲಸದಲ್ಲಿರೋವಾಗ ನನ್ನ ಕೆಲಸಕ್ಕೆ ನೀನು ಲಿಂಕ್ ಆಫೀಸರ್. ಒಬ್ಬ ಅಧಿಕಾರಿ ಇಲ್ಲದಾಗ ಅವನ ಫೈಲು ಇನ್ನೊಬ್ಬ ನೋಡ್ಲೇಬೇಕು. ಕುರ್ಚಿ ಖಾಲಿ ಇರಬಾರದು."

ಅರ್ಧ ಗಂಟೆಯಲ್ಲಿ ಕಾಗದ ಎರಡು ಪ್ರತಿಯಲ್ಲಿ ಟೈಪಾಗಿ ಬಂತು. ಕೊರಿಯರಿನವನಿಗೆ ಹಾಕುವಂತೆ ಇಂದುಶೇಖರ ಓದದೆ ಸಹಿ ಹಾಕಿದ.

ಮಧ್ಯಾಹ್ನದ ತಾಲೀಮು ದತ್ತಾತ್ರೇಯರ ಊಟದ ಮೇಜಿನ ಮೇಲೆ ನಡೆಯಿತು. ಅವರು ಚಿತ್ರಕಥೆಗೆ ಪ್ಯಾರಾ ನಂಬರು ಹಾಕಿ, ಅಂಚಿನಲ್ಲಿ ಪೆನ್ಸಿಲ್ ಟಿಪ್ಪಣಿ ಬರೆದಿದ್ದರು.

"ಪ್ಯಾರಾ ಹನ್ನೊಂದು. ನಿವೃತ್ತ ಗುಮಾಸ್ತ ಸೀದಾ ಆಫೀಸಿನೊಳಗೆ ಹೋಗ್ತಾನೆ ಅಂತ ಬರ್ದಿದೀಯ. ಪಾಸ್ ಎಲ್ಲಿ? ಗೇಟಲ್ಲೇ ತಡೀತಾರೆ. ಎದುರಿನ ಬೆಂಚಲ್ಲಿ ಕೂರಿಸು."

"ಅಂಕಲ್, ಅದು ಸಿನಿಮಾ..."

"ಸಿನಿಮಾಕ್ಕೆ ಗೇಟ್ ಇರಲ್ವಾ?"

ಅಷ್ಟರಲ್ಲಿ ಅವರ ಹೆಂಡತಿ ಸುಶೀಲಾ ಮಜ್ಜಿಗೆ ಲೋಟ ಕುಕ್ಕಿದರು. "ಹೆಂಡ್ತಿನ ಐದನೇ ನಿಮಿಷಕ್ಕೇ ಯಾಕಪ್ಪ ಕೊಂದೆ?"

"ಅವನ ಒಂಟಿತನ ತೋರಿಸೋಕೆ ಆಂಟಿ."

"ಹೆಂಡ್ತಿ ಬದುಕಿದ್ರೆ ಗಂಡಸರು ಒಂಟಿಯಾಗಿರಲ್ವಾ? ಇವರನ್ನೇ ಕೇಳು. ರಿಟೈರಾದ ಮೇಲೆ ಹನ್ನೊಂದು ದಿನ ಆರ್.ಕೆ.ಪುರಂ ಬಸ್ ಸ್ಟಾಪಿಗೆ ಹೋಗಿ ನಿಲ್ತಿದ್ರು. ನಂಗೇನು ಗೊತ್ತಿರಲಿಲ್ವಾ? ಹನ್ನೊಂದು ದಿನವೂ ಡಬ್ಬಿ ಕಟ್ಟಿಕೊಟ್ಟೆ. ಎಲ್ಲಿಗೆ ಅಂತ ಕೇಳಲಿಲ್ಲ."

ದತ್ತಾತ್ರೇಯರ ಪೆನ್ಸಿಲ್ ನಿಂತಿತು. "ನಿಂಗೆ ಗೊತ್ತಿತ್ತಾ?" ಎಂದರು ಮೆಲ್ಲಗೆ.

"ಹನ್ನೆರಡನೇ ದಿನ ನೀವೇ ಹೋಗಲಿಲ್ಲ. ಅವತ್ತೂ ಕಟ್ಟಿದ್ದೆ. ಮಧ್ಯಾಹ್ನ ಇಬ್ಬರೂ ಡಬ್ಬಿಯಲ್ಲೇ ತಿಂದ್ವಲ್ಲ, ಮರೆತ್ರಾ?"

ಇದು ಬದುಕಲ್ಲಿ ಸರಿ, ಕಥೆಯಲ್ಲಿ ಬೇಡ ಎಂದು ಇಂದುಶೇಖರ ನಯವಾಗಿ ವಿವರಿಸಿದ. ಹೆಂಡತಿ ಸಾಯಲೇಬೇಕು. ಇಬ್ಬರೂ ತಲೆಯಾಡಿಸಿದರು.

ನಾಲ್ಕಕ್ಕೆ ಚಂದ್ರಕಾಂತ ಬಂದರು. ಸುಶೀಲಾ ಅವರಿಗೆ ಚಕ್ಕುಲಿ ಕೊಟ್ಟರು. ದತ್ತಾತ್ರೇಯ ಗಂಟಲು ಸರಿಮಾಡಿಕೊಂಡು, ಕನ್ನಡಕ ಏರಿಸಿ, "ಪ್ಯಾರಾ ಒಂದು" ಎಂದು ಶುರುಮಾಡಿದರು. ಇಂದುಶೇಖರ ಕೈಗಡಿಯಾರ ನೋಡುತ್ತ ಕೂತ.

ಐದನೇ ನಿಮಿಷ ಬಂತು. ಹೆಂಡತಿ ಸಾಯಲಿಲ್ಲ. ಹತ್ತನೇ ನಿಮಿಷಕ್ಕೂ ಸಾಯಲಿಲ್ಲ. ದತ್ತಾತ್ರೇಯ ಕಾಗದ ಮಡಿಸಿ ಪಕ್ಕಕ್ಕಿಟ್ಟು, ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕಥೆ ಹೇಳುತ್ತಿದ್ದರು. ಗುಮಾಸ್ತ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದ. ಹೆಂಡತಿ ಅವನಿಗಿಷ್ಟದ ಬೆಂಡೆಕಾಯಿ ಹುಳಿ ಕಟ್ಟಿದ್ದಳು. ಹನ್ನೆರಡನೇ ದಿನ ಬಸ್ಸು ಅವನಿಲ್ಲದೆ ಹೋಯಿತು.

ಚಂದ್ರಕಾಂತ ಕೈಯಲ್ಲಿದ್ದ ಚಕ್ಕುಲಿ ಹಾಗೇ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು. "ಮಾಡ್ತೀನಿ ಸರ್. ಮಾತು ಕೊಟ್ಟೆ."

ಇಂದುಶೇಖರ ಎದ್ದು ನಿಂತ. "ಸರ್, ಆ ಕಥೆ ಬರೆದವನು ನಾನು."

"ಅಚ್ಛಾ?" ಚಂದ್ರಕಾಂತ ಮೂಗು ಒರೆಸಿಕೊಂಡರು. "ನಿನ್ನ ಕಥೇಲಿ ಡಬ್ಬಿ ಇತ್ತಾ?"

"ಇಲ್ಲ ಸರ್. ಅದರಲ್ಲಿ ಹೆಂಡತಿ..."

"ಹೆಂಡತಿ?"

"ಸತ್ತು ಹೋಗಿರ್ತಾಳೆ."

"ಮತ್ತೆ ನಾನು ಅತ್ತಿದ್ದು ಯಾರ ಕಥೆಗೆ?"

ದತ್ತಾತ್ರೇಯ ನ್ಯಾಯವಂತರು. "ಮೂಲ ಕರಡು ಇವನದೇ ಸರ್. ನನ್ನದು ತಿದ್ದುಪಡಿ ಮಾತ್ರ," ಎಂದರು.

"ಕರಡಲ್ಲಿ ಬಸ್ಸಿತ್ತು, ಬಸ್ಸು ಎಲ್ರಿಗೂ ಸೇರಿದ್ದು. ನಂಗೆ ತಿದ್ದುಪಡಿನೇ ಬೇಕು," ಎಂದರು ಚಂದ್ರಕಾಂತ. "ಬೇಜಾರಾಗ್ಬೇಡ ಇಂದು. ಲೋಹಬಾಹು ನಾಲ್ಕು ನಿಂದೇ."

ಅಷ್ಟಾದರೂ ಉಳಿಯಿತಲ್ಲ ಎಂದು ಇಂದುಶೇಖರ ಕುಳಿತ. ದತ್ತಾತ್ರೇಯ ಚಹಾ ಹೀರುತ್ತ ಸಹಜವಾಗಿ ಅಂದರು, "ಮೊಮ್ಮಗಳ ಜೊತೆ ಮೂರನೇದು ನೋಡ್ದೆ. ಅವನು ಮೆಟ್ರೊ ಬೋಗಿ ಎತ್ತಿದ್ನಲ್ಲ, ಅನುಮತಿ ಕೊಟ್ಟೋರ್ಯಾರು? ನಮ್ಮ ಸೆಕ್ಷನ್ನಿಗೆ ಆ ಫೈಲು ಬಂದಿದ್ರೆ ಆರು ತಿಂಗಳು ಅವನು ಬೋಗಿ ಹಿಡ್ಕೊಂಡೇ ನಿಂತಿರ್ಬೇಕಿತ್ತು."

ಚಂದ್ರಕಾಂತರ ಚಹಾ ಲೋಟ ಬಾಯಿಯ ಹತ್ತಿರ ನಿಂತಿತು. "ಆರು ತಿಂಗಳು ಹಿಡ್ಕೊಂಡು ನಿಂತಿರ್ತಾನೆ," ಎಂದು ಗುನುಗಿದರು. ಮತ್ತೊಮ್ಮೆ ಗುನುಗಿದರು. ಆಮೇಲೆ ಸೋಫಾ ಅಲುಗುವಂತೆ ನಕ್ಕರು. "ಇದೇ ನಾಲ್ಕನೇದು! ಸರ್, ಇದನ್ನೂ ನೀವೇ ಬರೀರಿ. ಚಲೋ, ಕಾರಲ್ಲಿ ಮಾತಾಡೋಣ."

ಇಬ್ಬರೂ ಹೊರಟರು. ಬಾಗಿಲಲ್ಲಿ ದತ್ತಾತ್ರೇಯ ತಿರುಗಿ, ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ಇಂದುಶೇಖರನ ಅಂಗೈ ಮೇಲಿಟ್ಟರು. ಅದರ ಜೊತೆಗೆ ಅವನೇ ಸಹಿ ಮಾಡಿದ ಕಾಗದದ ಎರಡನೇ ಪ್ರತಿ.

"ಸಿನಿಮಾ ಕೆಲಸ ಮುಗಿಯೋ ತನಕ ಅಂತ ಇದೆ, ಓದ್ಕೊ. ಎರಡು ಸಿನಿಮಾ. ಪಂಪಿನ ಸ್ವಿಚ್ಚು ಬೆಳಿಗ್ಗೆ ಐದಕ್ಕೆ."

ಇಂದುಶೇಖರ ಓದುತ್ತ ನಿಂತಿದ್ದಂತೆ ಇಂಟರ್‌ಕಾಮ್ ಬಡಿದುಕೊಂಡಿತು. ಗೇಟಿನ ಗಾರ್ಡು. "ಸಾಬ್, ಲಿಫ್ಟ್ ಫಿರ್ ಅಟಕ್ ಗಯೀ. ಅಂದರ್ ದೋ ಲೋಗ್ ಹೈಂ."

ಲಿಫ್ಟು ಮತ್ತೆ ಸಿಕ್ಕಿಕೊಂಡಿತ್ತು, ಒಳಗೆ ಇಬ್ಬರು. ಇಂದುಶೇಖರ ಟೆರೇಸಿಗೆ ಓಡಿದ. ಚಕ್ರ ಹಿಡಿದ. ನಲವತ್ತು ಸುತ್ತು ಹಾಕುವಷ್ಟರಲ್ಲಿ ತೋಳು ಬಿದ್ದುಹೋಗುವಂತಾಯಿತು. ಕೆಳಗೆ ಲಿಫ್ಟಿನ ಬಾವಿಯೊಳಗಿಂದ ಒಂದು ನಗು, ಅದರ ಬೆನ್ನಿಗೇ ದತ್ತಾತ್ರೇಯರ ಧ್ವನಿ ಮೇಲೇರಿ ಬಂತು.

"ಯಾರದು, ಇಂದುಶೇಖರನಾ? ಅವಸರ ಇಲ್ಲಪ್ಪ, ನಿಧಾನಕ್ಕೆ ತಿರುಗಿಸು. ನಾವಿನ್ನೂ ಇಂಟರ್ವಲ್‌ಗೆ ಬಂದಿಲ್ಲ."